ಕ್ಯಾಂಟೀನ್ ಪಕ್ಕದ ಅಂಚೆ ಡಬ್ಬಿ

ವಿಶ್ವವಿದ್ಯಾಲಯ, ಕನ್ನಡ ವಿಭಾಗದ ಮೆಟ್ಟಿಲು
೯ ಜನವರಿ ೨೦೨೫, ಗುರುವಾರ

ಪ್ರೀತಿಯ ಚಂದನಾ,

ಇವತ್ತು ಬೆಳಿಗ್ಗೆ ಅಪ್ಪನ ಬೈಕಿನ ಎಡಗಡೆ ಕನ್ನಡಿಯಲ್ಲಿ ಒಂದು ಜೇಡ ಕಂಡಿತು. ಕನ್ನಡಿಗೂ ಹ್ಯಾಂಡಲ್ಲಿಗೂ ನಡುವೆ ಅಂಗೈಯಷ್ಟು ಬಲೆ ಕಟ್ಟಿಕೊಂಡಿತ್ತು, ಬಲೆಯ ತುಂಬ ಇಬ್ಬನಿ. ರಾಜಘಟ್ಟದಿಂದ ಹೊರಟು ದೊಡ್ಡಬಳ್ಳಾಪುರ ದಾಟುವಷ್ಟರಲ್ಲಿ ಗಾಳಿಗೆ ಬಲೆ ಹರಿದುಹೋಯಿತು. ಜೇಡ ಮಾತ್ರ ಕನ್ನಡಿಯ ಹಿಂದಿನ ಸಂದಿಗೆ ಸೇರಿಕೊಂಡು ನೆಲಮಂಗಲದವರೆಗೂ ಬಂತು. ಅಪ್ಪನಿಗೆ ತೋರಿಸಿದೆ.

"ಅದಾ? ತಿಂಗ್ಳಿಂದ ನನ್ ಜೊತೇಲೇ ಡ್ಯೂಟಿಗೆ ಬರ್ತೈತೆ ಕಣಮ್ಮ. ಸಾಯಂಕಾಲ ಮನೆ ಸೇರಿದ್ ಮ್ಯಾಲೆ ಮತ್ತೆ ಕಟ್ಕೊಂತದೆ," ಎಂದರು.

ನೀನು ಹೊರಡುವ ದಿನ ಆಣೆ ಹಾಕಿಸಿಕೊಂಡಂತೆ ಬರೆಯುತ್ತಿದ್ದೇನೆ. ಫೋನಿನಲ್ಲಿ ನಾನು ಹೂಂ ಅನ್ನುವುದು ಬಿಟ್ಟು ಬೇರೇನೂ ಹೇಳುವುದಿಲ್ಲ ಎಂಬ ನಿನ್ನ ದೂರು ನಿಜ. ಅಲ್ಲದೆ, ಅಂಚೆ ಕಚೇರಿಯಲ್ಲಿ ಕೆಲಸ ಸಿಕ್ಕಿದವಳಿಗೆ ಕಾಗದ ಬರೆಯದೆ ಮೆಸೇಜು ಕಳಿಸಿದರೆ ನಿನಗೇ ಅವಮಾನ.

ಎಂ.ಎ. ತರಗತಿ ಶುರುವಾಗಿ ಒಂದು ವಾರವಾಯಿತು. ಅಪ್ಪ ಗೋದಾಮಿಗೆ ಹೋಗುವಾಗ ನನ್ನನ್ನು ನೆಲಮಂಗಲದ ಬಸ್ ನಿಲ್ದಾಣದಲ್ಲಿ ಇಳಿಸುತ್ತಾರೆ. ಆಗ ಎಂಟು ಗಂಟೆ. ಅಲ್ಲಿಂದ ಎರಡು ಬಸ್ಸು. ಸಂಜೆ ಐದೂವರೆಗೆ ಅದೇ ಜಾಗದಲ್ಲಿ ಮತ್ತೆ ಬೈಕು ಹತ್ತುತ್ತೇನೆ. ನಮ್ಮ ತಾಲ್ಲೂಕು ಕಾಲೇಜಿನಲ್ಲಿ ಗೇಟಿನಿಂದ ಕ್ಲಾಸಿಗೆ ಹೋಗುವಷ್ಟರಲ್ಲಿ ಎಷ್ಟು ಜನ ನಿಲ್ಲಿಸಿ ಮಾತಾಡಿಸುತ್ತಿದ್ದರು, ನೆನಪಿದೆಯೇ? ಗೇಟಿನ ಹನುಮಂತರಾಯಪ್ಪನೂ "ಏನವ್ವ, ತಿಂಡಿ ಆಯ್ತಾ" ಅನ್ನುತ್ತಿದ್ದ. ಇಲ್ಲಿ ಗೇಟಿನಿಂದ ವಿಭಾಗಕ್ಕೆ ಇಪ್ಪತ್ತು ನಿಮಿಷ ನಡೆಯಬೇಕು. ದಾರಿಯುದ್ದಕ್ಕೂ ಮರಗಳಿವೆ. ಯಾರೂ ಯಾರನ್ನೂ ನೋಡುವುದಿಲ್ಲ. ನಿನ್ನೆ ದಿನವಿಡೀ ನಾನು ಆಡಿದ ಮಾತುಗಳನ್ನು ಎಣಿಸಿದೆ. ಒಂಬತ್ತು. ಅದರಲ್ಲಿ ನಾಲ್ಕು ಕಂಡಕ್ಟರಿಗೆ, ಒಂದು ಕ್ಯಾಂಟೀನಿನವನಿಗೆ, ಒಂದು ನಾನು ಕಾಲು ತುಳಿದ ಹುಡುಗಿಗೆ.

ಆ ಹುಡುಗಿಯ ಹೆಸರು ಯಶಸ್ವಿನಿ. ಹೊಸಕೋಟೆ ಕಡೆ ಅನುಗೊಂಡನಹಳ್ಳಿಯವಳು. ಇವತ್ತು ಮಧ್ಯಾಹ್ನ ಅವಳ ಪಕ್ಕ ಕೂತು ಊಟ ಮಾಡಿದೆ. ಅವಳ ಡಬ್ಬಿಯಲ್ಲೂ ಇದುಕಿದ ಬೇಳೆ ಸಾರು. ಅವಳೂ "ಇದುಕಿದ ಬೇಳೆ" ಎಂದೇ ಅಂದಳು. ಕ್ಯಾಂಟೀನಿನ ಹಲಗೆಯಲ್ಲಿ "ಹಿದುಕಿದ ಬೇಳೆ" ಎಂದು ಬರೆದಿದ್ದಾರೆ.

ಈ ಹ ಒಂದು ದೊಡ್ಡ ಸಮಸ್ಯೆ ಚಂದನಾ. ಗೋಪಾಲಪ್ಪ ಸರ್ ನಮಗೆ ಮೂರು ವರ್ಷ "ಅಳಗನ್ನಡ" ಎಂದೇ ಪಾಠ ಮಾಡಿದರು. ನಾವೂ ಅಳಗನ್ನಡ ಎಂದೇ ಓದಿ ಮೊದಲ ದರ್ಜೆ ತೆಗೆದೆವು. ಬರೆಯುವಾಗ ನಾನು ಯಾವತ್ತೂ ತಪ್ಪಿಲ್ಲ, ನಿನಗೆ ಗೊತ್ತು. ಆದರೆ ಇಲ್ಲಿ ಬಾಯಿ ತೆರೆಯಬೇಕು. ಅದಕ್ಕೇ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅಭ್ಯಾಸ ಮಾಡುತ್ತೇನೆ. ಹ ಎಂದರೆ ತಣ್ಣನೆಯ ಗಾಜಿನ ಮೇಲೆ ಆವಿ ಕೂರುತ್ತದೆ, ಅ ಎಂದರೆ ಅಷ್ಟಾಗಿ ಇಲ್ಲ. ನಿನ್ನೆ ಪಕ್ಕದಲ್ಲಿದ್ದ ಅಜ್ಜಿ "ಯಾಕವ್ವ, ದಮ್ಮಾ?" ಎಂದು ಕೇಳಿತು.

ಫೆಬ್ರವರಿ ಆರಕ್ಕೆ ನನ್ನ ಮೊದಲ ಸೆಮಿನಾರ್. "ಹಳಗನ್ನಡ ಕಾವ್ಯಗಳಲ್ಲಿ ಅತಿಥಿ ಸತ್ಕಾರ" ಎಂಬ ವಿಷಯ ಕೊಟ್ಟಿದ್ದಾರೆ. ನಲವತ್ತು ಜನರ ಮುಂದೆ ನಿಂತು ಓದಬೇಕು. ಓದದಿದ್ದರೆ ಆಗುವುದಿಲ್ಲವೇ ಎಂದು ಕೇಳಲು ಕಚೇರಿಯವರೆಗೂ ಹೋಗಿ ವಾಪಸ್ ಬಂದೆ. ಅಲ್ಲಿನ ಗೋಡೆಯ ಮೇಲೆ ಹಾಜರಿಯ ನಿಯಮ ಅಂಟಿಸಿದ್ದರು. ಈ ಸೆಮಿಸ್ಟರಿಗೆ ತೊಂಬತ್ತು ದಿನ ತರಗತಿ. ಇಪ್ಪತ್ತೆರಡು ದಿನಕ್ಕಿಂತ ಹೆಚ್ಚು ತಪ್ಪಿಸಿದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಒಂದು ದಿನವಾದರೂ ಯಾರು ತಪ್ಪಿಸುತ್ತಾರೆ ಅನ್ನಿಸಿತು.

ಕ್ಯಾಂಟೀನ್ ಪಕ್ಕದಲ್ಲಿ ಒಂದು ಕೆಂಪು ಅಂಚೆ ಡಬ್ಬಿ ಇದೆ. ಅದರ ಬಾಯಿಗೆ ತುಕ್ಕು ಹಿಡಿದಿದೆ. ಇದನ್ನು ಅದರೊಳಗೆ ಹಾಕುತ್ತೇನೆ. ತಲುಪಿದರೆ ತಿಳಿಸು.

ನಿನ್ನ
ಅಕ್ಷತ


ಬೇವಿನಾಳ ಶಾಖಾ ಅಂಚೆ ಕಚೇರಿ, ಸುರಪುರ ತಾಲ್ಲೂಕು
೧೮ ಜನವರಿ ೨೦೨೫

ಲೇ ಅಕ್ಷತಾ,

ತಲುಪ್ತು ಕಣೇ! ಸಂಕ್ರಾಂತಿ ಮಾರನೇ ದಿನ ಚೀಲ ಬಿಚ್ಚಿದ್ರೆ ಮೇಲೇನೇ ಕೂತಿತ್ತು. ನಿಮ್ಮ ಯೂನಿವರ್ಸಿಟಿ ಮುದ್ರೆ ದುಂಡಗೆ, ಒಂದಕ್ಷರಾನೂ ಮಸುಕಾಗದೆ ಬಿದ್ದಿತ್ತು. ಈಗ ನಂಗೆ ಕವರ್ ಒಡೆಯೋಕೆ ಮುಂಚೆ ಮುದ್ರೆ ಓದೋ ಚಟ ಹತ್ತಿದೆ. ಬಾಗಿಲಲ್ಲಿ ನಿಂತಿದ್ದೋರಿಗೆಲ್ಲ ತೋರಿಸಿ "ನೋಡಿ, ನನ್ನ ಫ್ರೆಂಡು ಯೂನಿವರ್ಸಿಟೀಲಿ ಓದ್ತಾಳೆ" ಅಂದೆ. ಕಾಗದ ಬಂದಿದ್ದು ನಿಂಗಾ ಅವಳಿಗಾ ಅಂತ ಒಬ್ಬ ಮುದುಕ ಕೇಳ್ದ.

ಈ ಆಫೀಸು ಅಂದ್ರೆ ಒಂದು ರೂಮು. ಮುಂದೆ ಪೋಸ್ಟ್ ಆಫೀಸು, ಪರದೆ ಹಿಂದೆ ನನ್ನ ಸ್ಟೌವು, ಚಾಪೆ. ನೆಟ್‌ವರ್ಕ್ ಬೇಕಂದ್ರೆ ನೀರಿನ ಟ್ಯಾಂಕ್ ಹತ್ತಬೇಕು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ನೋಡಿ ಕೆಲಸ ಕೊಟ್ರಲ್ಲ, ಏಣಿ ಹತ್ತೋಕೆ ಬರುತ್ತಾ ಅಂತ ಒಬ್ರೂ ಕೇಳ್ಲಿಲ್ಲ. ಚೀಲ ಮಾತ್ರ ದಿನಾ ತುಂಬಿ ಬರುತ್ತೆ, ಹಂಚೋಕೆ ಟೈಮೇ ಸಾಲಲ್ಲ. ನನ್ನ ಬಗ್ಗೆ ಯೋಚ್ನೆ ಮಾಡ್ಬೇಡ.

ಮಾತಿನ ವಿಷಯ ಅಂದ್ಯಲ್ಲ, ಇಲ್ಲಿ ನಾನು ಬಾಯಿ ಬಿಟ್ರೆ ಸಾಕು, ಊರೇ ನಗುತ್ತೆ. ಪಿಂಚಣಿಗೆ ಬರೋ ಹಣಮವ್ವ ಅಂತ ಒಬ್ಬಳಿದ್ದಾಳೆ. ಮೊನ್ನೆ ನನ್ನ ಗಲ್ಲ ಹಿಡಿದು ಹೇಳಿದ್ಲು: "ನಿನ್ನ ಮಾತು ಅರ್ಧ ತಿಳಿತದ, ಇನ್ನರ್ಧ ನಿನ್ನ ಮಾರಿ ನೋಡಿ ತಿಳ್ಕೋತೀನಿ ನೋಡವ್ವ." ಮಾರಿ ಅಂದ್ರೆ ಇಲ್ಲಿ ಮುಖ ಅಂತೆ. ನಾನು ಬೈದಳು ಅಂದ್ಕೊಂಡು ಒಂದಿಡೀ ದಿನ ಸಪ್ಪಗಿದ್ದೆ.

ಆ ಗಾಜಿನ ಮೇಲೆ ಊದೋದು ಬಿಡು. ಸೆಮಿನಾರ್ ಚೆನ್ನಾಗಿ ಮಾಡು. ಮಾಡಿದ ದಿನಾನೇ ಬರಿ. ಯಾರು ಎಲ್ಲಿ ಕೂತಿದ್ರು, ಮೇಷ್ಟ್ರು ಏನಂದ್ರು, ಕ್ಯಾಂಟೀನಲ್ಲಿ ಆಮೇಲೆ ಏನು ತಿಂದ್ರಿ, ಎಲ್ಲಾ. ಒಂಬತ್ತು ಮಾತಿಗೆ ನಿಲ್ಲಿಸಿದ್ರೆ ಕಾಗದಾನ ಬಡ್ಡಿ ಸಮೇತ ವಾಪಸ್ ಕಳಿಸ್ತೀನಿ.

ಚಂದನ


ವಿಶ್ವವಿದ್ಯಾಲಯ
೭ ಫೆಬ್ರವರಿ ೨೦೨೫, ಶುಕ್ರವಾರ

ಪ್ರೀತಿಯ ಚಂದನಾ,

ಸೆಮಿನಾರ್ ನಿನ್ನೆ ಆಯಿತು. ಚೆನ್ನಾಗಿಯೇ ಆಯಿತು. ಎಲ್ಲರೂ ಗಮನವಿಟ್ಟು ಕೇಳಿದರು, ಕೊನೆಯವರೆಗೂ ಯಾರೂ ಫೋನ್ ನೋಡಲಿಲ್ಲ. ಮೇಷ್ಟ್ರು "ಪರವಾಗಿಲ್ಲಮ್ಮ, ಮುಂದುವರಿಸು" ಎಂದು ಪ್ರೋತ್ಸಾಹ ಕೊಟ್ಟರು. ನರೇಶ್ ಎಂಬ ಹುಡುಗ ಆಮೇಲೆ ಕಾರಿಡಾರಿನಲ್ಲಿ ಎದುರಿಗೆ ಬಂದು ಕೈ ಮುಗಿದ.

ಊಟಕ್ಕೆ ಯಶಸ್ವಿನಿ ಮತ್ತು ನಾನು ಒಟ್ಟಿಗೆ ಕೂತೆವು. ಅವಳು ಈಗ ದಿನವೂ ನನಗೆಂದು ಒಂದು ಮುದ್ದೆ ಹೆಚ್ಚಿಗೆ ತರುತ್ತಾಳೆ. ನಾನು ಉಪ್ಪಿನಕಾಯಿ ಒಯ್ಯುತ್ತೇನೆ. ಅವರ ಊರಿನ ಕೆರೆಯಲ್ಲಿ ಈ ಸಲ ನೀರಿದೆಯಂತೆ.

ಇವತ್ತು ವಿಶೇಷವೇನಿಲ್ಲ. ಬಿಸಿಲು ಶುರುವಾಗಿದೆ. ಹೊರಗೆ ಲಾರಿಯೊಂದು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದೆ, ಬರೆಯಲಾಗುತ್ತಿಲ್ಲ. ನಿಲ್ಲಿಸುತ್ತೇನೆ.

ಅಕ್ಷತ


ಬೇವಿನಾಳ
೧೨ ಫೆಬ್ರವರಿ ೨೦೨೫

ಅಕ್ಷತಾ,

ಸೆಮಿನಾರ್ ಚೆನ್ನಾಗಾಗಿದ್ದು ಕೇಳಿ ಖುಷಿಯಾಯ್ತು. ನರೇಶ್ ಕೈ ಮುಗಿದ್ನಾ? ಯಾಕೆ, ನೀನೇನು ದೇವರಾ? ಆ ವಿಷಯ ಸರಿಯಾಗಿ ಬರಿ. ಮೂರು ಪುಟ ಬರುತ್ತೆ ಅಂತ ಕಾದ್ರೆ ಒಂದೇ ಪುಟ ಬಂದಿದೆ, ಅದರಲ್ಲೂ ಅರ್ಧ ಮುದ್ದೆ, ಉಪ್ಪಿನಕಾಯಿ.

ಇಲ್ಲಿ ಎಲ್ಲಾ ಚೆನ್ನಾಗಿದೆ. ಜೋಳದ ರೊಟ್ಟಿ ಬಡಿಯೋಕೆ ಕಲೀತಿದ್ದೀನಿ. ನಾನು ಬಡಿದ ರೊಟ್ಟಿ ನೋಡಿ ಹಣಮವ್ವ "ಇದು ಯಾವ ದೇಶದ ನಕ್ಷೆ?" ಅಂದ್ಲು.

ಒಂದು ಕೇಳ್ಬೇಕಿತ್ತು. ಕ್ಯಾಂಟೀನ್ ಪಕ್ಕದ ಆ ಅಂಚೆ ಡಬ್ಬಿ ಇನ್ನೂ ಇದೆಯಾ?

ಚಂದನ


ವಿಶ್ವವಿದ್ಯಾಲಯ ಗ್ರಂಥಾಲಯ
೧೭ ಫೆಬ್ರವರಿ ೨೦೨೫, ಸೋಮವಾರ

ಪ್ರೀತಿಯ ಚಂದನಾ,

ಇದೆ. ಇದನ್ನೂ ಅದರಲ್ಲೇ ಹಾಕುತ್ತಿದ್ದೇನೆ. ಅಂಚೆ ಇಲಾಖೆಯವಳಿಗೆ ಡಬ್ಬಿಯದೇ ಚಿಂತೆ.

ನಾನು ಹೆಚ್ಚು ಹೊತ್ತು ಗ್ರಂಥಾಲಯದಲ್ಲೇ ಇರುತ್ತೇನೆ. ಇಲ್ಲಿ ಆದಿನಾರಾಯಣಪ್ಪ ಎಂಬ ಹಿರಿಯರು ಬರುತ್ತಾರೆ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಕಣ್ಣಿನ ಪೊರೆ ತೆಗೆಸಿದ್ದಾರೆ, ಸಣ್ಣ ಅಕ್ಷರ ಇನ್ನೂ ಕಾಣುವುದಿಲ್ಲ. ಮೊದಲ ದಿನ ನನ್ನ ಮುಂದೆ ಪೇಪರ್ ತಳ್ಳಿ, "ಓದವ್ವ, ಈ ಆಳಾದ್ ಕಣ್ಣಿಗೆ ಏನೂ ಕಾಣಾಕಿಲ್ಲ" ಎಂದರು. ಅಂದಿನಿಂದ ಮೂಲೆಯ ಮೇಜಿನಲ್ಲಿ ಕೂತು ಮೆಲ್ಲಗೆ ಓದುತ್ತೇನೆ. ಮೊದಲು ಅಪಘಾತದ ಸುದ್ದಿ ಓದಬೇಕು. ಪ್ರತಿಯೊಂದಕ್ಕೂ "ಡ್ರೈವರ್ದು ತಪ್ಪಿರಾಕಿಲ್ಲ" ಎನ್ನುತ್ತಾರೆ. ನೀನು ಕೇಳಿದರೆ ನಗುತ್ತೀಯ.

ಸಂಜೆ ಬೈಕಿನಲ್ಲಿ ಅಪ್ಪ "ಏನಮ್ಮ ಇವತ್ತಿನ ಪಾಠ?" ಎಂದು ಕೇಳುತ್ತಾರೆ. ಗಾಳಿಯಲ್ಲಿ ಕೂಗಿ ಹೇಳುತ್ತೇನೆ. ಅದನ್ನೇ ಮಾರನೆಯ ದಿನ ಗೋದಾಮಿನಲ್ಲಿ ಲಾರಿಯವರಿಗೆ ಹೇಳುತ್ತಾರಂತೆ. ಮೊನ್ನೆ ಒಬ್ಬ ಡ್ರೈವರ್ ನನ್ನನ್ನು ನೋಡಿ, "ಏನ್ ರವಿಚಂದ್ರಣ್ಣ, ಇದೇನಾ ನಿಮ್ ಅಳಗನ್ನಡದ ಮಗಳು?" ಅಂದ. ಅಪ್ಪ ನಾಚಿಕೊಂಡು ಹೆಲ್ಮೆಟ್ ಹಾಕಿಕೊಂಡರು.

ಯಶಸ್ವಿನಿ ಚೆನ್ನಾಗಿದ್ದಾಳೆ. ನಿನ್ನನ್ನು ಕೇಳಿದಳು.

ಅಕ್ಷತ


೩ ಮಾರ್ಚ್ ೨೦೨೫, ಸೋಮವಾರ

ಚಂದನಾ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಹಿಂದೆ ಇಷ್ಟು ತಡ ಮಾಡಿರಲಿಲ್ಲ. ಕೋಪವೇ? ಅಥವಾ ಚೀಲ ಹಂಚುವುದರಲ್ಲಿ ಪುರಸೊತ್ತಿಲ್ಲವೇ? ಇರಬಹುದು. ಒಂದು ಊರಿನ ಕಾಗದವೆಲ್ಲ ನಿನ್ನ ಕೈಯಲ್ಲೇ ಹೋಗಬೇಕು.

ಬೆಳಿಗ್ಗೆ ಕನ್ನಡಿ ನೋಡಿದೆ. ಜೇಡ ಇರಲಿಲ್ಲ. ಬಲೆಯೂ ಇರಲಿಲ್ಲ. ಅಪ್ಪ ಭಾನುವಾರ ಬೈಕು ತೊಳೆದಿದ್ದರು.

ಶುಕ್ರವಾರ ಆದಿನಾರಾಯಣಪ್ಪನವರು "ಏನವ್ವ, ನಿಂಗೆ ದಿನಾ ರಜಾನೇ? ಯಾರು ಸತ್ರು?" ಎಂದು ಕೇಳಿದರು. ನಾನು ಪೇಪರ್ ಮಡಿಸಿ ಇನ್ನೊಂದು ಪುಟ ತೆಗೆದೆ.

ಬರೆಯಲು ಬೇರೇನೂ ಇಲ್ಲ. ಬರಿ.

ಅಕ್ಷತ


ಬೇವಿನಾಳ
೫ ಮಾರ್ಚ್ ೨೦೨೫

ಅಕ್ಷತಾ,

ಇದರ ಜೊತೆ ಇನ್ನೊಂದು ಕವರ್ ಇದೆ, ನೋಡು. ಫೆಬ್ರವರಿ ಇಪ್ಪತ್ತೊಂದಕ್ಕೆ ನಾನು ನಿಂಗೆ ರಿಜಿಸ್ಟರ್ ಮಾಡಿ ಕಳಿಸಿದ್ದು. ಮನೆ ವಿಳಾಸಕ್ಕಲ್ಲ, ನಿನ್ನ ವಿಭಾಗದ ವಿಳಾಸಕ್ಕೆ. ರಿಜಿಸ್ಟರ್ ಕಾಗದಾನ ಯಾರ ಕೈಗೂ ಕೊಡಲ್ಲ, ಹೆಸರಿದ್ದೋರೇ ಸಹಿ ಹಾಕಿ ತಗೋಬೇಕು. ಅದಕ್ಕೇ ಹಾಗೆ ಕಳಿಸ್ದೆ. ಇವತ್ತು ವಾಪಸ್ ಬಂತು. ನಾನೇ ಬುಕ್ ಮಾಡಿದ್ದು, ನಾನೇ ಚೀಲದಿಂದ ತೆಗೆದಿದ್ದು, ನಾನೇ ನಂಗೆ ತಲುಪಿಸಿ ನಾನೇ ಸಹಿ ಹಾಕ್ಕೊಂಡೆ. ಹಣಮವ್ವ ನೋಡ್ತಾ ನಿಂತಿದ್ಲು. "ಇದ್ಯಾವ ಆಟ ಅದವ್ವಾ?" ಅಂದ್ಲು.

ಕವರಿನ ಹಿಂದೆ ನಿಮ್ಮ ಕಡೆ ಪೋಸ್ಟ್‌ಮ್ಯಾನ್ ಕೆಂಪು ಇಂಕಲ್ಲಿ ಬರೆದಿದ್ದಾರೆ, ಓದ್ಕೋ.

ಈಗ ನಾನು ಮುಚ್ಚಿಟ್ಟಿದ್ದನ್ನ ಹೇಳ್ತೀನಿ. ಫೆಬ್ರವರಿ ಏಳರ ನಿನ್ನ ಕಾಗದದ ಮೇಲೆ ನೆಲಮಂಗಲದ ಮುದ್ರೆ ಇತ್ತು. ಮೊದಲು ಯಾರೋ ಹುಡುಗ ಇರಬೇಕು, ನೆಲಮಂಗಲದಲ್ಲಿ ಇಳಿದು ಅವನ ಜೊತೆ ಕಾಫಿ ಕುಡೀತಾಳೆ ಅಂದ್ಕೊಂಡೆ. ನಿಜ ಹೇಳ್ಲಾ, ನಂಗೆ ಖುಷಿ ಆಯ್ತು. ಅದಕ್ಕೇ ಡಬ್ಬಿ ಬಗ್ಗೆ ಕೇಳಿ ಕಿಚಾಯಿಸ್ದೆ. ನೀನು "ಇದೆ, ಅದರಲ್ಲೇ ಹಾಕ್ತಿದ್ದೀನಿ" ಅಂತ ಬರೆದೆ. ಆ ಕವರಿನ ಮೇಲೂ ನೆಲಮಂಗಲ. ಆಮೇಲೆ ಹಳೇದನ್ನ ತೆಗೆದು ಓದ್ದೆ. ಯೂನಿವರ್ಸಿಟಿ ಒಳಗೆ ಲಾರಿ ಎಲ್ಲಿಂದ ಬಂತು? ಬಸ್ ಡ್ರೈವರ್ ತಾತ ಅಲ್ಲಿ ಲೈಬ್ರರಿಗೆ ಯಾಕೆ ಬಂದ? ಹುಡುಗ ಇದ್ದಿದ್ರೆ ಕಾಗದ ಹೀಗೆ ಇರ್ತಿರಲಿಲ್ಲ. ಹುಡುಗ ಇದ್ದೋರು ಉಪ್ಪಿನಕಾಯಿ ಬಗ್ಗೆ ಬರೆಯಲ್ಲ.

ಏನಾಯ್ತು ಅಂತ ನಂಗೆ ಗೊತ್ತಿಲ್ಲ. ಕೇಳೋದೂ ಇಲ್ಲ. ಟ್ಯಾಂಕ್ ಹತ್ತಿ ನಿಮ್ಮಪ್ಪಂಗೆ ಫೋನ್ ಮಾಡಿ ಕೇಳ್ಬಹುದಿತ್ತು. ಎರಡು ಸಲ ಹತ್ತಿ ಇಳಿದೆ.

ಇನ್ನೊಂದು. ಚೀಲ ತುಂಬಿ ಬರುತ್ತೆ ಅಂದಿದ್ನಲ್ಲ, ಅದು ಸುಳ್ಳು. ಚೀಲದಲ್ಲಿ ಆಧಾರ್ ಕಾರ್ಡು, ಬ್ಯಾಂಕಿನವರ ಕವರು, ಅಷ್ಟೇ. ಎಷ್ಟೋ ದಿನ ಅದೂ ಇಲ್ಲ. ಈ ಊರಿಗೆ ಬಂದ ಮೇಲೆ ಕೈಯಲ್ಲಿ ಬರೆದ ಕಾಗದ ಅಂತ ಬಂದಿದ್ದು ನಿನ್ನವು ಮಾತ್ರ. ಮಧ್ಯಾಹ್ನ ಬಾಗಿಲು ಹಾಕ್ಕೊಂಡು ಓದ್ತೀನಿ. ಆ ಮರಗಳ ಕೆಳಗೆ ಇಪ್ಪತ್ತು ನಿಮಿಷ ನಡೀತೀನಿ. ಕ್ಲಾಸಲ್ಲಿ ಕೂರ್ತೀನಿ. ನಾವಿಬ್ರೂ ಎಂ.ಎ.ಗೆ ಒಟ್ಟಿಗೆ ಅರ್ಜಿ ಹಾಕಿದ್ವಿ, ನಂಗೆ ಈ ಕೆಲಸದ ಆರ್ಡರ್ ಬಂತು, ಬಂದ್ಬಿಟ್ಟೆ. ನಿನ್ನ ಕಾಗದದಲ್ಲಿ ನಾನೂ ಎಂ.ಎ. ಓದ್ತಿದ್ದೆ ಕಣೇ. ಸುಳ್ಳು ಕಾಗದ ಅಂತ ಗೊತ್ತಾದ ಮೇಲೂ ಹೋಗ್ತಾನೇ ಇದ್ದೆ.

ಹಾಜರಿ ನಿಯಮ ಇಪ್ಪತ್ತೆರಡು ದಿನ ಅಂತ ನೀನೇ ಬರೆದಿದ್ದೆ. ನಾನು ಕ್ಯಾಲೆಂಡರ್ ನೋಡಿದೆ. ನೀನೂ ನೋಡ್ಕೋ.

ಚಂದನ


ರಾಜಘಟ್ಟ
೧೦ ಮಾರ್ಚ್ ೨೦೨೫, ಸೋಮವಾರ ಸಂಜೆ

ಪ್ರೀತಿಯ ಚಂದನಾ,

ನಿನ್ನ ಕಾಗದ ಇವತ್ತು ಬಂದಿತ್ತು. "ಏನಮ್ಮ ಇಷ್ಟು ದಪ್ಪ? ಆ ಊರಿನ ಕತೆಯೆಲ್ಲ ಬರ್ದವ್ಳಾ?" ಎಂದು ಅಪ್ಪ ತೂಗಿ ನೋಡಿ ಕೊಟ್ಟರು. ಹಿತ್ತಲಿನ ಕಲ್ಲಿನ ಮೇಲೆ ಕೂತು ಓದಿದೆ.

ಏನಾಯಿತೆಂದು ನೀನು ಕೇಳಲಿಲ್ಲ. ಅದಕ್ಕೇ ಹೇಳುತ್ತೇನೆ.

ಸೆಮಿನಾರಿನ ದಿನ ನನ್ನ ಪ್ರಬಂಧದಲ್ಲಿ "ಆದರ" ಎಂಬ ಪದ ಏಳು ಕಡೆ ಇತ್ತು. ಅತಿಥಿಯನ್ನು ಆದರದಿಂದ ಬರಮಾಡಿಕೊಂಡರು, ಆದರದಿಂದ ಕಾಲು ತೊಳೆದರು, ಆದರದಿಂದ ಬಡಿಸಿದರು. ಬರೆದದ್ದು ಸರಿಯಾಗಿಯೇ ಇತ್ತು. ಆದರೆ ಒಂದು ತಿಂಗಳು ಗಾಜಿನ ಮೇಲೆ ಊದಿ ಊದಿ ನಾಲಿಗೆ ಬೇರೆ ಥರ ತಿರುಗಿಬಿಟ್ಟಿತ್ತು. ಇರುವ ಹ ಬಿಟ್ಟುಹೋಗಬಾರದೆಂದು ನಾನು ಇಲ್ಲದ ಕಡೆಯೂ ಹ ಸೇರಿಸುತ್ತಿದ್ದೆ. ಅತಿಥಿಯನ್ನು ಹಾದರದಿಂದ ಬರಮಾಡಿಕೊಂಡರು ಎಂದು ಓದಿದೆ ಚಂದನಾ. ಹಾದರದಿಂದ ಕಾಲು ತೊಳೆದರು ಎಂದೂ ಓದಿದೆ. ಜನ ಯಾಕೆ ನಗುತ್ತಿದ್ದಾರೆಂದು ನಾಲ್ಕನೆಯ ಸಲದವರೆಗೆ ತಿಳಿಯಲಿಲ್ಲ. ತಿಳಿದ ಮೇಲೆ ಇನ್ನೂ ಮೂರು ಕಡೆ ಆ ಪದ ಇತ್ತು. ಮೇಷ್ಟ್ರು ಕರ್ಚೀಫಿನಿಂದ ಕಣ್ಣೊರೆಸಿಕೊಳ್ಳುತ್ತ "ಪರವಾಗಿಲ್ಲಮ್ಮ, ಮುಂದುವರಿಸು" ಎಂದರು. ಯಾರೂ ಫೋನ್ ನೋಡಲಿಲ್ಲ ಎಂದು ನಾನು ಬರೆದದ್ದು ಸುಳ್ಳಲ್ಲ. ನರೇಶ್ ಕೈ ಮುಗಿದದ್ದೂ ನಿಜ. "ಹಾದರಣೀಯರೇ, ನಮಸ್ಕಾರ" ಎಂದು ಮುಗಿದ.

ಯಶಸ್ವಿನಿಯೂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕಳು. ಬೇರೆ ಯಾರು ನಕ್ಕದ್ದೂ ನನಗೆ ಅಷ್ಟಾಗಿ ನೆನಪಿಲ್ಲ. ಅವಳು ನನ್ನ ಜೊತೆ ಊಟ ಮಾಡಿದ್ದು ಒಂದೇ ದಿನ, ಜನವರಿ ಒಂಬತ್ತರಂದು. ಉಳಿದ ಊಟವೆಲ್ಲ ನಾನು ಬರೆದದ್ದು. ಹೆಚ್ಚಿನ ಮುದ್ದೆಯೂ ನಾನೇ ಬರೆದದ್ದು.

ಮಾರನೆಯ ದಿನ ಅಪ್ಪ ನನ್ನನ್ನು ಇಳಿಸಿ ಹೋದ ಮೇಲೆ ಬಸ್ಸು ಬಂತು. ಹತ್ತಲಿಲ್ಲ. ಮುಂದಿನದಕ್ಕೆ ಹತ್ತೋಣ ಅಂದುಕೊಂಡೆ. ಹನ್ನೊಂದು ಗಂಟೆವರೆಗೆ ಹಾಗೇ ಅಂದುಕೊಂಡೆ. ಆಮೇಲೆ ನಿಲ್ದಾಣದ ಬೆಂಚಿನ ಮೇಲೆ ಕೂತು ನಿನಗೆ ಬರೆದೆ. ಅಂದಿನಿಂದ ಬೈಕಿನ ಹಿಂದಿನ ದೀಪ ಕಾಣದಾಗುವವರೆಗೂ ನಿಂತಿದ್ದು, ನೆಲಮಂಗಲದ ಊರ ಗ್ರಂಥಾಲಯದ ಕಡೆ ನಡೆಯುತ್ತೇನೆ. ಆದಿನಾರಾಯಣಪ್ಪನವರು ಬರುವುದು ಅಲ್ಲಿಗೇ. ಸೋಮವಾರ ಅದಕ್ಕೂ ರಜೆ. ಸೋಮವಾರಗಳೇ ಕಷ್ಟ. ನಿಲ್ದಾಣದಲ್ಲಿ ಒಂದೇ ಕಡೆ ಕೂತರೆ ಜನ ನೋಡುತ್ತಾರೆಂದು ಗಂಟೆಗೊಮ್ಮೆ ಬೆಂಚು ಬದಲಿಸುತ್ತೇನೆ. ಆಮೇಲಿನ ಎರಡು ಕಾಗದ ನಿನಗೆ ಬರೆದದ್ದೂ ಆ ಸೋಮವಾರಗಳಲ್ಲೇ.

ನೀನು ಮುದ್ರೆ ಓದುತ್ತೀಯೆಂದು ನನಗೆ ಗೊತ್ತಿತ್ತು. ನೀನೇ ಬರೆದಿದ್ದೆ. ಡಬ್ಬಿಗೆ ಹಾಕುವಾಗ ಅದು ನೆನಪಿತ್ತೋ ಇಲ್ಲವೋ, ಎಷ್ಟು ಯೋಚಿಸಿದರೂ ನನಗೇ ಗೊತ್ತಾಗುತ್ತಿಲ್ಲ.

ಹೋದ ವಾರ ಪೇಪರ್ ಓದುವಾಗ ಆದಿನಾರಾಯಣಪ್ಪನವರು ನನ್ನನ್ನು ತಡೆದರು. "ಯಾಕವ್ವ, ನೆಟ್ಟಗೆ ಓಯ್ತಾ ಓಯ್ತಾ ಅಲ್ಲಲ್ಲೇ ಬ್ರೇಕ್ ಹಾಕ್ತೀಯಾ? ರೋಡ್ ಚೆನ್ನಾಗೇ ಐತಲ್ಲ!" ಎಂದರು. ಹ ಬಂದ ಕಡೆಯೆಲ್ಲ ನಾನು ನಿಲ್ಲುತ್ತಿದ್ದೆನಂತೆ. ನನಗೆ ಗೊತ್ತೇ ಇರಲಿಲ್ಲ. ಹಂಪು ಬಂದಾಗ ಬಸ್ಸು ನಿಧಾನಿಸುವ ಹಾಗೆ ಪ್ರತಿ ಹಕಾರಕ್ಕೂ ನಿಧಾನಿಸಿ, ದಾಟಿ, ಮತ್ತೆ ಓಡುತ್ತಿದ್ದೆ. "ನಿಲ್ಸ್‌ಬ್ಯಾಡ. ಓಡಿಸ್ತಾ ಓಗು. ಇಂದೆ ಕೂತೋರು ಏನಾರ ಅಂದ್ಕೊಳ್ಳಿ, ಸ್ಟೇರಿಂಗ್ ನಿನ್ ಕೈಯಾಗೈತೆ" ಎಂದರು. ನನಗೆ ನಗು ಬಂತು. ಒಂದು ತಿಂಗಳಲ್ಲಿ ಅದೇ ಮೊದಲು.

ಅದೆಲ್ಲ ಇರಲಿ. ನಾನು ಇವತ್ತು ಬಹಳ ಹೊತ್ತು ನೋಡಿದ್ದು ನಿನ್ನ ಆ ಇನ್ನೊಂದು ಕವರನ್ನು. ಹಿಂಬದಿಯಲ್ಲಿ ಹೀಗೆ ಬರೆದಿದ್ದಾರೆ: "೨೫, ೨೭, ೨೮ ಮೂರು ದಿನ ತರಗತಿಯಲ್ಲಿ ಕರೆದು ವಿಚಾರಿಸಲಾಗಿದೆ. ಬರುತ್ತಿಲ್ಲ. ಕಳಿಸಿದವರಿಗೆ ವಾಪಸ್." ನಾನು ಯಾರೆಂದೇ ತಿಳಿಯದ ಒಬ್ಬರು ಮೂರು ದಿನ ಬಾಗಿಲಲ್ಲಿ ನಿಂತು "ಅಕ್ಷತ" ಎಂದು ಕರೆದಿದ್ದಾರೆ. ನಲವತ್ತು ಜನರೂ ಕೇಳಿಸಿಕೊಂಡಿದ್ದಾರೆ. ಮೂರು ದಿನ ಯಾರೋ ಒಬ್ಬರು ಎದ್ದು "ಅವಳು ಬರ್ತಿಲ್ಲ" ಎಂದು ಹೇಳಿರಬೇಕು. ನರೇಶನೋ, ಯಶಸ್ವಿನಿಯೋ. ನಾನು ಬರದಿರುವುದು ಅಲ್ಲಿ ಯಾರಿಗೂ ಗೊತ್ತೇ ಆಗಿರುವುದಿಲ್ಲ ಎಂದು ಈ ಒಂದು ತಿಂಗಳು ಅಂದುಕೊಂಡಿದ್ದೆ. ನನ್ನನ್ನು ನೆಲಮಂಗಲದ ಬೆಂಚಿನ ಮೇಲೆ ಕೂರಿಸಿದ್ದು ಆ ಧೈರ್ಯವೇ.

ಕ್ಯಾಲೆಂಡರ್ ನೋಡಿದೆ. ಶಿವರಾತ್ರಿಯ ರಜೆ ಬಿಟ್ಟು ಇವತ್ತಿಗೆ ಇಪ್ಪತ್ತೊಂದು ದಿನ. ಉಳಿದಿರುವುದು ಒಂದು. ಅದನ್ನು ಮುಂದೆ ಜ್ವರವೋ ಏನೋ ಬಂದರೆ ಬೇಕಾಗಬಹುದು, ಇಟ್ಟುಕೊಳ್ಳುತ್ತೇನೆ.

ಅಪ್ಪನಿಗೆ ಹೇಳಿಲ್ಲ. ಹೇಳಬೇಕು. ನಾನು ಕಟ್ಟಿ ಹೇಳಿದ ಪಾಠಗಳನ್ನು ಗೋದಾಮಿನವರು ನಿಜವೆಂದು ನಂಬಿದ್ದಾರೆ, ಅದಕ್ಕೇನು ಮಾಡುವುದೋ ತಿಳಿಯದು. ಅಲ್ಲಿ ನರೇಶ್ ಇರುತ್ತಾನೆ. ಮತ್ತೆ ಹಾಗೆ ಕೂಗಿದರೆ ಏನು ಹೇಳಬೇಕೆಂದೂ ಗೊತ್ತಿಲ್ಲ. ಯಶಸ್ವಿನಿಯ ಪಕ್ಕ ಕೂರಬೇಕೋ ಬೇಡವೋ ಅದೂ ಅಲ್ಲಿಗೆ ಹೋದ ಮೇಲೆ.

ನಿನ್ನ ರಿಜಿಸ್ಟರ್ ಕಾಗದವನ್ನು ನಾನು ಒಡೆದಿಲ್ಲ. ಇದರೊಳಗೆ ಇಟ್ಟು ನಿನಗೇ ವಾಪಸ್ ಕಳಿಸುತ್ತಿದ್ದೇನೆ. ಅದನ್ನು ಇನ್ನೊಂದು ಕವರಿಗೆ ಹಾಕಿ ಮತ್ತೆ ರಿಜಿಸ್ಟರ್ ಮಾಡು. ವಿಳಾಸ ಬದಲಿಸಬೇಡ.

ಈ ಕಾಗದವನ್ನು ನಾಳೆ ಹಾಕುತ್ತೇನೆ. ಎಲ್ಲಿ ಹಾಕಿದೆನೆಂದು ಇದರಲ್ಲಿ ಬರೆಯುವುದಿಲ್ಲ. ಒಡೆಯುವುದಕ್ಕೆ ಮೊದಲೇ ನೀನು ಮುದ್ರೆ ಓದಿಕೊಂಡಿರುತ್ತೀಯ.

ನಿನ್ನ
ಅಕ್ಷತ